ಸೇಬಿನ ಮೊಗ್ಗಿಗೆ ಎಷ್ಟು ಚಳಿ ಬೇಕು?

ಬೆಂಗಳೂರು ನಗರದ ಹವಾಮಾನ ದಾಖಲೆಯಲ್ಲಿ ಇವತ್ತಿಗೂ ಅತಿ ಕಡಿಮೆ ಉಷ್ಣಾಂಶ ಎಂದರೆ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ಸೇಬಿಗೆ ಸಿಕ್ಕ ಚಳಿಯನ್ನು ಅಳೆಯುವ ಹಳೇ ಪದ್ಧತಿಯಲ್ಲಿ 7.2 ಡಿಗ್ರಿಗಿಂತ ಕೆಳಗೆ ಕಳೆದ ಗಂಟೆಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಹಾಗೆ ನೋಡಿದರೆ ಇಷ್ಟು ವರ್ಷಗಳಲ್ಲಿ ಬೆಂಗಳೂರಿನ ಖಾತೆಗೆ ಒಂದು ಗಂಟೆಯೂ ಜಮೆಯಾಗಿಲ್ಲ. ಆದರೂ ನಮ್ಮ ಬಯಲುಸೀಮೆಯಲ್ಲಿ ಅಲ್ಲೊಂದು ಇಲ್ಲೊಂದು ತೋಟದಲ್ಲಿ ಸೇಬು ಕಾಯಿ ಕಟ್ಟುತ್ತಿದೆ, ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಿದೆ, ನರ್ಸರಿಯವರು "45 ಡಿಗ್ರಿ ಬಿಸಿಲನ್ನೂ ತಡೆಯುವ ತಳಿ" ಎಂದು ಸಸಿ ಮಾರುತ್ತಿದ್ದಾರೆ.

ಸಸಿ ಕೊಳ್ಳುವವರು ಬಿಸಿಲಿನ ಬಗ್ಗೆ ಕೇಳುವುದರಲ್ಲೇ ಎಡವುತ್ತಾರೆ. ಸೇಬಿನ ಗಿಡ ಬಿಸಿಲಿಗೆ ಸುಲಭವಾಗಿ ಸಾಯುವುದಿಲ್ಲ. ನೀರು ಕೊಟ್ಟರೆ ರಾಯಚೂರಿನಲ್ಲೂ ಎಲೆ ಬಿಟ್ಟುಕೊಂಡು ನಿಂತಿರುತ್ತದೆ. ಕೇಳಬೇಕಾದ್ದು ಮೊಗ್ಗು ಒಡೆಯುತ್ತದೆಯೇ, ಒಡೆದರೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆಯೇ ಎಂದು. ಸೇಬು, ಮರಸೇಬು ಎರಡಕ್ಕೂ ಊರನ್ನು ಗೊತ್ತುಮಾಡುವುದು ಇದೇ. (ಮರಸೇಬು ಎಂದರೆ ಅಂಗಡಿಯಲ್ಲಿ ಪೇರ್ಸ್ ಎಂದು ಕೇಳುವ ಹಣ್ಣು.)

ಸೇಬಿನ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ಹುಟ್ಟಿಕೊಂಡಿರುತ್ತದೆ. ಹಗಲು ಕಿರಿದಾಗಿ ಚಳಿ ಬಂದಾಗ ಗಿಡ ಎಲೆ ಉದುರಿಸಿ ಮಲಗುತ್ತದೆ. ಮಲಗಿದ ಮೇಲೆ ಹೊರಗೆ ಎಷ್ಟೇ ಬೆಚ್ಚಗಾದರೂ ಮೊಗ್ಗು ಅಲುಗಾಡುವುದಿಲ್ಲ, ಏಕೆಂದರೆ ಬೀಗ ಮೊಗ್ಗಿನ ಒಳಗೇ ಇದೆ. ಅದನ್ನು ತೆಗೆಯಲು ಇಂತಿಷ್ಟು ಗಂಟೆಗಳ ಚಳಿ ಬೇಕು, ಚಳಿ ಮುಗಿದ ಮೇಲೆ ಅರಳಲು ಇಂತಿಷ್ಟು ಬೆಚ್ಚಗಿನ ದಿನ ಬೇಕು. ಡಿಸೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಬಂದಿತೆಂದು ಚಿಗುರಿ, ಜನವರಿಯ ಹಿಮಕ್ಕೆ ಸಾಯದಿರಲಿ ಎಂದು ಗಿಡ ಮಾಡಿಕೊಂಡ ಏರ್ಪಾಡು ಇದು. ಹಿಮಾಚಲದ ರಾಯಲ್ ಡೆಲಿಷಸ್‌ನಂಥ ತಳಿಗೆ ಸುಮಾರು 1,000ದಿಂದ 1,200 ಗಂಟೆ ಬೇಕು. ಇಸ್ರೇಲಿನ ಅನ್ನಾಗೆ 200–300 ಸಾಕು. ಬಹಾಮಾಸ್ ದ್ವೀಪದಲ್ಲಿ ತಾನಾಗಿ ಹುಟ್ಟಿದ ಡಾರ್ಸೆಟ್ ಗೋಲ್ಡನ್‌ಗೆ ಅದಕ್ಕಿಂತಲೂ ಕಡಿಮೆ.

7.2 ಡಿಗ್ರಿಯ ಲೆಕ್ಕ ಸುಲಭ, ಆದರೆ ಒರಟು. ಅದರಲ್ಲಿ ಹಗಲಿನ ಬಿಸಿಲಿಗೆ ಜಾಗವೇ ಇಲ್ಲ. 1974ರಲ್ಲಿ ಅಮೆರಿಕದ ಯೂಟಾದಲ್ಲಿ ಇನ್ನೊಂದು ಲೆಕ್ಕ ಹುಟ್ಟಿತು. ಅದರ ಪ್ರಕಾರ 2.5ರಿಂದ 9.1 ಡಿಗ್ರಿಯೊಳಗಿನ ಒಂದು ಗಂಟೆಗೆ ಪೂರ್ತಿ ಒಂದು ಅಂಕ. 1.5–2.4 ಮತ್ತು 9.2–12.4ರ ನಡುವೆ ಅರ್ಧ ಅಂಕ. 12.5–15.9ಕ್ಕೆ ಸೊನ್ನೆ. 16–18ಕ್ಕೆ ಅರ್ಧ ಅಂಕ ಕಡಿತ, 18 ದಾಟಿದರೆ ಇಡೀ ಒಂದು ಅಂಕ ಕಡಿತ. 1.4ಕ್ಕಿಂತ ಕೆಳಗೂ ಸೊನ್ನೆಯೇ. ಈ ಕೊನೆಯ ಸಾಲನ್ನು ಯಾರೂ ಗಮನಿಸುವುದಿಲ್ಲ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೆಪ್ಪುಗಟ್ಟಿದ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಆ ದಿನಗಳಿಗೆ ಸೇಬಿನ ಲೆಕ್ಕದಲ್ಲಿ ಬೆಲೆ ಇಲ್ಲ. ಅಲ್ಲಿ ಅಂಕ ಕೂಡುವುದು ಚಳಿಗಾಲದ ಎರಡು ತುದಿಗಳಲ್ಲಿ.

ಒಂದು ದಿನವನ್ನು ಬಿಡಿಸಿ ನೋಡೋಣ. ಅಂಕಿಗಳು ಮಾದರಿಗೆ ಅಷ್ಟೆ. ಹಿಮಾಚಲದ ಎತ್ತರದ ಒಂದು ತೋಟದಲ್ಲಿ ರಾತ್ರಿ 12 ಗಂಟೆ ಕಾಲ 3ರಿಂದ 8 ಡಿಗ್ರಿ, ಬೆಳಗ್ಗೆ–ಸಂಜೆ ಸೇರಿ 5 ಗಂಟೆ 10–12 ಡಿಗ್ರಿ, ಮಧ್ಯಾಹ್ನ 7 ಗಂಟೆ 13–15 ಡಿಗ್ರಿ ಇತ್ತು ಎನ್ನಿ. 12 + 2.5 + 0 ಸೇರಿ 14.5 ಅಂಕ. ಇಂಥ 70 ದಿನ ಸಿಕ್ಕರೆ 1,015. ಈಗ ಅದೇ ಬೆಟ್ಟದ ಬುಡದ ತೋಟ: ರಾತ್ರಿ ಅಷ್ಟೇ ಚಳಿ, ಅದೇ 12 ಗಂಟೆ. ಆದರೆ ಹಿಮ ಬೀಳದೆ ಆಕಾಶ ತಿಳಿಯಾಗಿದ್ದು ಹಗಲು ಕಾದಿದೆ. 4 ಗಂಟೆ 10–12 ಡಿಗ್ರಿ, 3 ಗಂಟೆ 13–15, 3 ಗಂಟೆ 16–18, 2 ಗಂಟೆ 18ರ ಮೇಲೆ. 12 + 2 + 0 – 1.5 – 2 ಎಂದರೆ 10.5 ಅಂಕ. 70 ದಿನಕ್ಕೆ 735. ರಾತ್ರಿ ಅಷ್ಟೇ ತಣ್ಣಗಿದ್ದರೂ ಕೆಳಗಿನ ತೋಟ ಡೆಲಿಷಸ್‌ಗೆ ಸಾಲದಾಯಿತು. "ಈ ವರ್ಷವೂ ಚಳಿ ಚೆನ್ನಾಗಿಯೇ ಇತ್ತಲ್ಲ" ಎಂದು ಬೆಳೆಗಾರ ಗೊಂದಲಕ್ಕೆ ಬೀಳುವುದು ಇಲ್ಲೇ. ಚಳಿ ಇತ್ತು ನಿಜ, ಮಧ್ಯಾಹ್ನದ ಬಿಸಿಲು ಅದನ್ನು ತಿಂದುಹಾಕಿತ್ತು.

ಇದೇ ಲೆಕ್ಕಕ್ಕೆ ಜನವರಿಯ ಬೆಂಗಳೂರನ್ನು ಹಾಕಿ. ಬೆಳಗಿನ ಜಾವದ 4 ಗಂಟೆ 15 ಡಿಗ್ರಿ ಆಸುಪಾಸಿಗೆ ಸೊನ್ನೆ, 16–18ರ 5 ಗಂಟೆಗೆ ಎರಡೂವರೆ ಕಡಿತ, ಉಳಿದ 15 ಗಂಟೆಗೆ 15 ಕಡಿತ. ದಿನಕ್ಕೆ 17.5 ಅಂಕ ಸಾಲ. ಬೀದರಿನಲ್ಲಿ ರಾತ್ರಿ ನಮಗಿಂತ ಚಳಿ ಹೆಚ್ಚು, ಆದರೆ ಹಗಲು ಬೇಗ 25 ದಾಟುವುದರಿಂದ ಅಲ್ಲಿಯೂ ಗಳಿಸಿದ್ದು ಕೈಯಲ್ಲಿ ಉಳಿಯುವುದಿಲ್ಲ. ಮೂರನೆಯ ಲೆಕ್ಕವೊಂದಿದೆ. 1987ರ ಹೊತ್ತಿಗೆ ಇಸ್ರೇಲಿನ ಸಂಶೋಧಕರು ರೂಪಿಸಿದ ಡೈನಾಮಿಕ್ ಮಾದರಿ. ಚಳಿಯಲ್ಲಿ ಮೊದಲು ಒಂದು ಕಚ್ಚಾ ಸರಕು ತಯಾರಾಗುತ್ತದೆ, ಬಿಸಿ ತಗುಲಿದರೆ ಅದು ಕರಗುತ್ತದೆ, ಒಂದು ಪ್ರಮಾಣ ಮುಟ್ಟಿದ ಮೇಲೆ ಮಾತ್ರ ಗಟ್ಟಿಯಾಗಿ ಖಾತೆಗೆ ಸೇರುತ್ತದೆ, ಸೇರಿದ್ದನ್ನು ಆಮೇಲಿನ ಬಿಸಿಲು ಅಳಿಸಲಾರದು. ಬೆಚ್ಚಗಿನ ಊರುಗಳಿಗೆ ಮೂರರಲ್ಲಿ ಇದೇ ಹೆಚ್ಚು ನಂಬಿಕಸ್ಥ ಲೆಕ್ಕ. ಕೈಯಲ್ಲಿ ಮಾಡಲಾಗುವುದಿಲ್ಲ, ಗಂಟೆಗಂಟೆಯ ಉಷ್ಣಾಂಶ ಬೇಕು. ಉಷ್ಣಾಂಶವನ್ನು ತಾನಾಗಿ ದಾಖಲಿಸುವ ಒಂದು ಸಣ್ಣ ಡೇಟಾ ಲಾಗರ್ ತಂದು ತೋಟದಲ್ಲಿ ಎದೆಮಟ್ಟದಲ್ಲಿ, ಬಿಸಿಲು ನೇರ ಬೀಳದಂತೆ ಗೂಡಿನೊಳಗೆ ನೇತುಹಾಕಿದರೆ ಆ ಅಂಕಿಗಳು ಸಿಗುತ್ತವೆ. ಸಸಿಗೆ ಲಕ್ಷಗಟ್ಟಲೆ ಸುರಿಯುವವರು ಈ ಸಣ್ಣ ಖರ್ಚಿಗೆ ಯಾಕೆ ಹಿಂಜರಿಯುತ್ತಾರೋ ಗೊತ್ತಾಗುವುದಿಲ್ಲ.

ಚಳಿ ಸಾಲದಾದಾಗ ಗಿಡ ಹೇಗೆ ಕಾಣುತ್ತದೆ ಎಂದು ತಿಳಿದಿರಬೇಕು, ಏಕೆಂದರೆ ಅದನ್ನು ರೋಗವೆಂದೋ ಗೊಬ್ಬರದ ಕೊರತೆಯೆಂದೋ ಭಾವಿಸಿ ಔಷಧಿ ಹೊಡೆಯುವವರಿದ್ದಾರೆ. ಕೊಂಬೆಯ ತುದಿಯ ಒಂದೆರಡು ಮೊಗ್ಗು ಮಾತ್ರ ಒಡೆದು ಉದ್ದಕ್ಕೆ ಹೋಗುತ್ತವೆ. ಅದರ ಕೆಳಗೆ ಒಂದು ಗಜದಷ್ಟು ಕೊಂಬೆ ಬೋಳು. ಉಗುರಿನಿಂದ ಆ ಬೋಳು ಜಾಗದ ತೊಗಟೆ ಕೆರೆದರೆ ಒಳಗೆ ಹಸಿರಾಗಿಯೇ ಇರುತ್ತದೆ, ಕಣ್ಣುಗಳೂ (ಕೊಂಬೆಯ ಮೊಗ್ಗುಗಳೂ) ಜೀವಂತ, ಆದರೆ ಮುಚ್ಚಿಕೊಂಡೇ ಇರುತ್ತವೆ. ಹೂವು ಎರಡು ವಾರದಲ್ಲಿ ಮುಗಿಯುವ ಬದಲು ಒಂದೂವರೆ–ಎರಡು ತಿಂಗಳು ಬಿಡಿಬಿಡಿಯಾಗಿ ಬರುತ್ತದೆ. ಒಂದೇ ಗಿಡದಲ್ಲಿ ನಿಂಬೆ ಗಾತ್ರದ ಕಾಯಿ, ಹೊಸ ಹೂವು, ಒಡೆಯದ ಮೊಗ್ಗು ಮೂರೂ ಇರುತ್ತವೆ. ಮರಸೇಬಿನಲ್ಲಾದರೆ ಹೂಮೊಗ್ಗು ಒಣಗಿ ಹಾಗೇ ಉದುರುತ್ತದೆ. ನಷ್ಟ ಇಳುವರಿಯಲ್ಲಿ ಮಾತ್ರವಲ್ಲ. ಪರಾಗ ಕೊಡಬೇಕಾದ ತಳಿ ಒಂದು ಕಾಲಕ್ಕೆ, ಪಡೆಯಬೇಕಾದ ತಳಿ ಇನ್ನೊಂದು ಕಾಲಕ್ಕೆ ಅರಳುತ್ತದೆ. ಸಿಂಪಡಣೆಯ ವೇಳಾಪಟ್ಟಿ ಯಾವ ಹಂತಕ್ಕೂ ಹೊಂದುವುದಿಲ್ಲ. ಕೊಯ್ಲಿಗೆ ಒಂದು ಬಾರಿಯ ಬದಲು ಐದಾರು ಬಾರಿ ಆಳು ಬೇಕು.

ಹಿಮಾಚಲದ ಇತಿಹಾಸವನ್ನು ಈ ಕಣ್ಣಿನಿಂದ ಓದಬಹುದು. ಕುಲ್ಲುವಿನ ಬಂದ್ರೋಲ್‌ನಲ್ಲಿ ಕ್ಯಾಪ್ಟನ್ ಲೀ 1870ರಲ್ಲಿ ಸೇಬು ನೆಟ್ಟ. 1916ರಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಕೋಟ್‌ಗಢಕ್ಕೆ ಅಮೆರಿಕದಿಂದ ಡೆಲಿಷಸ್ ತಂದರು. ಮುಂದೆ ಸತ್ಯಾನಂದ ಸ್ಟೋಕ್ಸ್ ಆದವರು ಅವರೇ. ಅಂದಿನಿಂದ ಇಂದಿನವರೆಗೂ ಆ ರಾಜ್ಯದ ಸೇಬು ಬಹುಪಾಲು ಡೆಲಿಷಸ್ ಕುಟುಂಬದ್ದೇ, ಎಂದರೆ ಸಾವಿರ ಗಂಟೆ ಕೇಳುವ ಗಿಡ. ಚಳಿಗಾಲ ಬೆಚ್ಚಗಾಗುತ್ತಾ, ಹಿಮ ತಡವಾಗಿ, ಕಡಿಮೆಯಾಗಿ ಬೀಳುತ್ತಾ ಹೋದಂತೆ ಕುಲ್ಲು ಕಣಿವೆಯ ಕೆಳಭಾಗದವರು ಸೇಬು ಕಿತ್ತು ದಾಳಿಂಬೆ, ಕಿವಿ ಹಣ್ಣು, ಟೊಮೆಟೊ, ಹೂಕೋಸಿಗೆ ಹೋದರು. ಸೇಬು ಮೇಲಕ್ಕೆ ಹತ್ತಿತು. ಹಿಂದೆ ಸೇಬಿಗೆ ವಿಪರೀತ ಚಳಿ ಎನಿಸಿದ್ದ ಕಿನ್ನೌರಿನ ಎತ್ತರದ ಹಳ್ಳಿಗಳಲ್ಲಿ, ಲಾಹೌಲ್–ಸ್ಪಿತಿಯಲ್ಲಿ ಈಗ ತೋಟಗಳಿವೆ. ಸಾವಿರ ಮೀಟರ್ ಮೇಲೆ ಹತ್ತಿದರೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ, ಹಾಗಾಗಿ ಒಂದು ಡಿಗ್ರಿ ಬಿಸಿ ಏರಿದರೆ ತೋಟ ಸುಮಾರು 150 ಮೀಟರ್ ಏರಬೇಕು. ಬೆಟ್ಟ ಮೇಲೆ ಹೋದಂತೆ ಕಿರಿದಾಗುತ್ತದೆ, ನೀರೂ ಮಣ್ಣೂ ತೆಳ್ಳಗಾಗುತ್ತವೆ ಎಂಬುದನ್ನು ಈ ಗಣಿತ ಹೇಳುವುದಿಲ್ಲ.

ಮೇಲೆ ಹೋದವರಿಗೆ ಇನ್ನೊಂದು ಕಾಟ, ಹೂವಿನ ಹೊತ್ತಿನ ಕೊರೆಯುವ ಹಿಮ. ಮಲಗಿರುವ ಸೇಬಿನ ಮರ ಸೊನ್ನೆಗಿಂತ ಇಪ್ಪತ್ತೈದು–ಮೂವತ್ತು ಡಿಗ್ರಿ ಕೆಳಗೂ ತಾಳುತ್ತದೆ. ಯೂರೋಪಿನ ಮರಸೇಬು ಅಷ್ಟು ಗಟ್ಟಿಯಲ್ಲ. ಆದರೆ ಮೊಗ್ಗು ಉಬ್ಬತೊಡಗಿದಂತೆ ಈ ಶಕ್ತಿ ದಿನದಿನಕ್ಕೆ ಇಳಿಯುತ್ತದೆ. ಸೇಬಿನ ಮೊಗ್ಗಿನ ತುದಿ ಬೆಳ್ಳಿ ಬಣ್ಣಕ್ಕೆ ಬಂದಾಗ –9.4 ಡಿಗ್ರಿಯಲ್ಲಿ ಅರ್ಧ ಗಂಟೆ ನಿಂತರೆ ನೂರರಲ್ಲಿ ಹತ್ತು ಮೊಗ್ಗು ಸಾಯುತ್ತವೆ. ಹಸಿರು ತುದಿ ಕಂಡಾಗ –7.8. ಗೊಂಚಲು ಬಿಗಿಯಾಗಿ ಕಾಣುವಾಗ –2.8. ಪೂರ್ತಿ ಅರಳಿದಾಗ –2.2ಕ್ಕೆ ಹತ್ತು ಹೋಗುತ್ತವೆ, –3.9ಕ್ಕೆ ತೊಂಬತ್ತು. ಕೊನೆಯ ಎರಡು ಅಂಕಿಗಳ ನಡುವೆ ಬರೀ 1.7 ಡಿಗ್ರಿ ಇದೆ ನೋಡಿ. ಹತ್ತರಲ್ಲಿ ಒಂದು ಹೂವು ಹೋದರೆ ಹೆಚ್ಚಾದ ಕಾಯಿ ಕಿತ್ತುಹಾಕುವ ಕೆಲಸ ಉಳಿಯಿತು ಎಂದುಕೊಳ್ಳಬಹುದು. ಹತ್ತರಲ್ಲಿ ಒಂಬತ್ತು ಹೋದರೆ ಆ ವರ್ಷವೇ ಹೋಯಿತು. ಹೂವು ಸತ್ತಿದೆಯೇ ಎಂದು ತಿಳಿಯಲು ಬೆಳಗ್ಗೆ ಹತ್ತರ ನಂತರ ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ನೋಡಬೇಕು. ದಳ ಚೆನ್ನಾಗಿಯೇ ಇದ್ದು ನಡುವಿನ ಅಂಡಾಶಯ ಕಂದು–ಕಪ್ಪಾಗಿದ್ದರೆ ಅದು ಮುಗಿದ ಹೂವು.

ತಣ್ಣನೆಯ ಗಾಳಿ ಭಾರ. ರಾತ್ರಿ ಅದು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಕಣಿವೆಯ ತಳದ ಸಮತಟ್ಟು ಜಮೀನು ಉಳುವುದಕ್ಕೆ ಎಷ್ಟೇ ಚೆನ್ನಾಗಿದ್ದರೂ ಸೇಬಿಗೆ ಇಳಿಜಾರಿನ ನಡುಭಾಗವೇ ಮೇಲು. ಇಳಿಜಾರಿಗೆ ಅಡ್ಡಲಾಗಿ ಗೋಡೆಯನ್ನೋ ದಟ್ಟ ಬೇಲಿಯನ್ನೋ ಕಟ್ಟಿದರೆ ಅದರ ಹಿಂದೆ ಚಳಿ ಮಡುಗಟ್ಟುತ್ತದೆ. ಮರಸೇಬು ಸೇಬಿಗಿಂತ ಸುಮಾರು ಒಂದು ವಾರ ಮೊದಲೇ ಹೂಬಿಡುವುದರಿಂದ ಒಂದೇ ತೋಟದಲ್ಲಿ ಎರಡನ್ನೂ ಹಾಕುವವರು ಅದನ್ನು ಮೇಲಿನ ಪಟ್ಟಿಯಲ್ಲಿ ನೆಡುವುದು ಲೇಸು.

ಹೂವಿನ ಕಾಲದ ಚಳಿ ಜೇನಿಗೂ ಅಡ್ಡಿ. 12–13 ಡಿಗ್ರಿಗಿಂತ ಕೆಳಗೆ ಜೇನು ಗೂಡು ಬಿಟ್ಟು ಹೊರಡುವುದೇ ಇಲ್ಲ, ಮಳೆ ಇದ್ದರಂತೂ ಕೇಳಲೇಬೇಡಿ. ಡೆಲಿಷಸ್ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಮೂರರಲ್ಲಿ ಒಂದು ಪಾಲು ಗೋಲ್ಡನ್ ಡೆಲಿಷಸ್, ರೆಡ್ ಗೋಲ್ಡ್‌ನಂಥ ಪರಾಗದ ಗಿಡ ಇರಲಿ ಎಂಬುದು ಹಿಮಾಚಲದ ಶಿಫಾರಸು. ಹಳೇ ತೋಟದಲ್ಲಿ ಅವು ಸಾಲದಿದ್ದರೆ ಬೇರೆ ಕಡೆಯಿಂದ ಅರಳಿದ ರೆಂಬೆ ಕಡಿದು ತಂದು, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮರಕ್ಕೆ ನೇತುಹಾಕುತ್ತಾರೆ. ತುರ್ತಿಗೆ ಇದು ಕೆಲಸ ಮಾಡುತ್ತದೆ.

ಮಳೆಯೂ ಜಾಗ ಗೊತ್ತುಮಾಡುತ್ತದೆ. ಸೇಬಿನ ಸ್ಕ್ಯಾಬ್ ರೋಗದ ಬೀಜಾಣು ಮೊಳೆಯಲು ಎಲೆ ಒದ್ದೆಯಾಗಿರಬೇಕು. 17ರಿಂದ 24 ಡಿಗ್ರಿಯಲ್ಲಿ ಒಂಬತ್ತು ಗಂಟೆ ಒದ್ದೆ ಇದ್ದರೆ ಸಾಕು, ಚಳಿ ಹೆಚ್ಚಿದ್ದರೆ ಅದಕ್ಕಿಂತ ಹೆಚ್ಚು ಗಂಟೆ ಬೇಕು. 1973ರಲ್ಲಿ ಕಾಶ್ಮೀರದ ಬೆಳೆಯನ್ನು ಇದೇ ರೋಗ ಹಾಳುಗೆಡವಿತು. ಅಮೆರಿಕದಲ್ಲಿ ಮರಸೇಬಿನ ಕಥೆ ಇನ್ನೂ ಸ್ಪಷ್ಟ. ಹೂವಿನ ಕಾಲದಲ್ಲಿ ಸೆಕೆಯೂ ಮಳೆಯೂ ಕೂಡಿ ಬರುವ ಪೂರ್ವ ರಾಜ್ಯಗಳಲ್ಲಿ ಫೈರ್ ಬ್ಲೈಟ್ ಎಂಬ ಬ್ಯಾಕ್ಟೀರಿಯಾ ಮರಗಳನ್ನು ಸುಟ್ಟಂತೆ ಕರಿಕಾಗಿಸಿತು. ವಾಣಿಜ್ಯ ಬೆಳೆ ಪಶ್ಚಿಮಕ್ಕೆ ಹೋಗಿ ವಾಷಿಂಗ್ಟನ್, ಆರೆಗಾನ್, ಕ್ಯಾಲಿಫೋರ್ನಿಯಾದ ಒಣ ಬೇಸಿಗೆಯ ಕಣಿವೆಗಳಲ್ಲಿ ನೆಲೆ ನಿಂತಿತು. ಅಲ್ಲಿ ನೀರು ಕಾಲುವೆಯಿಂದ ಬೇರಿಗೆ ಹೋಗುತ್ತದೆ, ಎಲೆ ಒಣಗಿಯೇ ಇರುತ್ತದೆ.

ಇದನ್ನು ನಮ್ಮ ರಾಜ್ಯಕ್ಕೆ ತಂದುಕೊಂಡರೆ, ಸೇಬಿಗೆ ಕೊಡಗು–ಚಿಕ್ಕಮಗಳೂರೇ ಸರಿ ಎಂಬ ಸಾಮಾನ್ಯ ನಂಬಿಕೆ ತಲೆಕೆಳಗಾಗುತ್ತದೆ. ಮಡಿಕೇರಿಯ ತಂಪು ಸಾವಿರ ಗಂಟೆಯ ಗಿಡಕ್ಕೆ ಏನೇನೂ ಸಾಲದು, ಕಡಿಮೆ ಚಳಿಯ ಗಿಡಕ್ಕೆ ಅಗತ್ಯವೂ ಇಲ್ಲ. ಉಳಿಯುವುದು 3,000 ಮಿಲಿಮೀಟರ್ ದಾಟುವ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗುವುದೇ ಇಲ್ಲ. ಹಿಮಾಚಲದಲ್ಲೇ ಮಳೆಗಾಲ ಜೋರಾದ ವರ್ಷ ಮಾರ್ಸೊನೀನಾ ಎಂಬ ಶಿಲೀಂಧ್ರದಿಂದ ಆಗಸ್ಟ್‌ಗೆಲ್ಲ ಎಲೆ ಉದುರಿ ಮರ ಬೋಳಾಗುತ್ತದೆ. ಹೀಗೆ ಅಕಾಲದಲ್ಲಿ ಬೋಳಾದ ಮರ ಸೆಪ್ಟೆಂಬರಿನಲ್ಲಿ ಮತ್ತೆ ಚಿಗುರಿ ಹೂಬಿಟ್ಟು ಮುಂದಿನ ವರ್ಷದ ಮೊಗ್ಗನ್ನು ಕಳೆದುಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ಕಲಬುರಗಿ, ರಾಯಚೂರು. ಕಾಯಿಯ ಮೈ ಬಿಸಿ 46–49 ಡಿಗ್ರಿ ಮುಟ್ಟಿದರೆ ಬಿಸಿಲಿಗೆ ತೆರೆದ ಕೆನ್ನೆ ಕಂದಾಗುತ್ತದೆ, 52ಕ್ಕೆ ಬೆಂದೇ ಹೋಗುತ್ತದೆ. ನೇರ ಬಿಸಿಲಿನಲ್ಲಿ ಕಾಯಿಯ ಮೈ ಗಾಳಿಗಿಂತ ಹತ್ತು–ಹನ್ನೆರಡು ಡಿಗ್ರಿ ಹೆಚ್ಚು ಕಾಯುವುದರಿಂದ ಗಾಳಿ 36 ಮುಟ್ಟಿದರೂ ಅಪಾಯವೇ. ಹಾಗಾಗಿ ನನ್ನ ಅಂದಾಜಿನಲ್ಲಿ ಪ್ರಯತ್ನಕ್ಕೆ ಯೋಗ್ಯವಾದ ಪಟ್ಟಿ ಎಂದರೆ 800–900 ಮೀಟರ್ ಎತ್ತರದ, ಮಿತವಾದ ಮಳೆಯ ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಹಾಸನದ ಪೂರ್ವಭಾಗ. ಮಲೆನಾಡು ಅಲ್ಲ.

ಆದರೆ ಇಲ್ಲಿ ಚಳಿಯ ಖಾತೆ ಸೊನ್ನೆ ಎಂದು ಮೊದಲೇ ಹೇಳಿದೆನಲ್ಲ, ಅನ್ನಾದ 200 ಗಂಟೆಯಾದರೂ ಎಲ್ಲಿಂದ ಬಂತು? ಉತ್ತರ ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿದೆ. ಮಲಾಂಗ್ ಹತ್ತಿರದ ಬಾತು ಎಂಬಲ್ಲಿ 700–1,200 ಮೀಟರ್ ಎತ್ತರದಲ್ಲಿ ದಶಕಗಳಿಂದ ಸೇಬು ಬೆಳೆಯುತ್ತಾರೆ, ರೋಮ್ ಬ್ಯೂಟಿ, ಮನಲಗಿ, ಅನ್ನಾ ತಳಿಗಳು. ಸಮಭಾಜಕ ವೃತ್ತದಿಂದ ಎಂಟೇ ಡಿಗ್ರಿ ದೂರದ ಆ ಊರಿನ ಎತ್ತರ ತಂಪನ್ನು ಕೊಡುತ್ತದೆ, ಚಳಿಗಾಲವನ್ನು ಕೊಡುವುದಿಲ್ಲ. ಅವರು ಗಿಡವನ್ನು ಮಲಗಲು ಬಿಡುವುದೇ ಇಲ್ಲ. ಕೊಯ್ಲಾದ ಎರಡು–ಮೂರು ವಾರಕ್ಕೆ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕುತ್ತಾರೆ, ಕೊಂಬೆಗಳನ್ನು ಬಾಗಿಸಿ ಕಟ್ಟುತ್ತಾರೆ. ಬಲಿತ ಮೊಗ್ಗು ಆಳವಾದ ನಿದ್ದೆಗೆ ಜಾರುವ ಮೊದಲೇ ಒಡೆಯುತ್ತದೆ. ವರ್ಷಕ್ಕೆ ಎರಡು ಬೆಳೆ. ಬಿಸಿ ಏರಿ ಈಚೆಗೆ ಅಲ್ಲಿಯೂ ಇಳುವರಿ ಕುಸಿದು ಹಲವರು ಕಿತ್ತಳೆಗೆ ಹೊರಳಿದ್ದಾರೆ. ಆದರೂ ತಂತ್ರ ತಂತ್ರವೇ.

ದಾಳಿಂಬೆ ಬೆಳೆಯುವ ಚಿತ್ರದುರ್ಗ, ಕೊಪ್ಪಳ, ಬಾಗಲಕೋಟೆಯವರಿಗೆ ಇದು ಹೊಸದೇನಲ್ಲ. ನೀರು ನಿಲ್ಲಿಸಿ, ಎಲೆ ಉದುರಿಸಿ, ಸವರಿ, ಮತ್ತೆ ನೀರು–ಗೊಬ್ಬರ ಕೊಟ್ಟು ಬಹಾರ್ (ಹೂವಿನ ಹಂಗಾಮು) ಹಿಡಿಯುವುದು ಇದೇ ಕೆಲಸ. ಬಯಲುಸೀಮೆಯ ಸೇಬನ್ನು ಹಿಮಾಚಲದ ಪುಸ್ತಕ ನೋಡಿ ಬೆಳೆಯುವುದಕ್ಕಿಂತ ದಾಳಿಂಬೆಯವರ ಕಣ್ಣಿನಿಂದ ಬೆಳೆಯುವುದು ಜಾಣತನ.

ತಳಿಗಳ ಮಟ್ಟಿಗೆ ಆಯ್ಕೆ ದೊಡ್ಡದಲ್ಲ. ಎಚ್‌ಆರ್‌ಎಂಎನ್–99 ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಪನಿಯಾಲಾದ ಹರಿಮನ್ ಶರ್ಮಾ ಅವರದು. ತಿಂದು ಹಿತ್ತಲಿಗೆ ಎಸೆದ ಬೀಜದಿಂದ ಹುಟ್ಟಿದ ಗಿಡವನ್ನು ಗಮನಿಸಿ ಬೆಳೆಸಿದವರು, 2025ರಲ್ಲಿ ಪದ್ಮಶ್ರೀ ಬಂತು. ಅವರ ಊರು ಸೇಬಿನ ಸೀಮೆಗಿಂತ ಬಹಳ ಕೆಳಗಿನ ತಗ್ಗು ಬೆಟ್ಟಗಳಲ್ಲಿದೆ. ಇದರ ಜೊತೆಗೆ ಅನ್ನಾ ಮತ್ತು ಡಾರ್ಸೆಟ್ ಗೋಲ್ಡನ್. ಅನ್ನಾಗೆ ಪರಾಗಕ್ಕೆ ಡಾರ್ಸೆಟ್ ಒಳ್ಳೆಯ ಜೋಡಿ, ಎರಡೂ ಒಟ್ಟಿಗೆ ಅರಳುತ್ತವೆ. ಪ್ರತಿ ಮೂರನೇ ಸಾಲಿನ ಪ್ರತಿ ಮೂರನೇ ಗಿಡ ಡಾರ್ಸೆಟ್ ಆಗಿರಲಿ.

ಸಸಿ ಕೊಳ್ಳುವಾಗ ತಳಿಯ ಹೆಸರಿನಷ್ಟೇ ಮುಖ್ಯವಾಗಿ ಅದನ್ನು ಯಾವ ಬೇರುಗಿಡದ ಮೇಲೆ ಕಸಿ ಮಾಡಿದ್ದಾರೆ ಎಂದು ಕೇಳಿ. ಎಂಎಂ 111 ಬರ ತಾಳುತ್ತದೆ, ಬಿಳಿ ಹತ್ತಿಯಂತೆ ಬೇರಿಗೆ ಅಂಟುವ ಉಣ್ಣೆ ಹೇನನ್ನೂ ತಡೆಯುತ್ತದೆ. ಎಂಎಂ 106 ಕೂಡ ಹೇನಿಗೆ ಗಟ್ಟಿ, ಆದರೆ ನೀರು ನಿಲ್ಲುವ ಮಣ್ಣಿನಲ್ಲಿ ಬುಡ ಕೊಳೆಯುತ್ತದೆ. ಎಂ 9 ಗಿಡ್ಡ, ಬೇರು ಮೇಲುಮೇಲೆ, ಜೀವಮಾನವಿಡೀ ಕಂಬ–ತಂತಿಯ ಆಸರೆ ಬೇಕು. ನಮ್ಮ ಕೆಂಪು ಮಣ್ಣಿಗೆ ನಾನು 111 ಬಿಟ್ಟು ಬೇರೆ ಹೇಳುವುದಿಲ್ಲ. ಮಾರುವವರಿಗೆ ಬೇರುಗಿಡದ ಹೆಸರೇ ಗೊತ್ತಿಲ್ಲದಿದ್ದರೆ ಅಲ್ಲಿಂದ ಹೊರಡಿ.

4 × 5 ಮೀಟರ್ ಅಂತರಕ್ಕೆ ಎಕರೆಗೆ ಸುಮಾರು 200 ಗಿಡ ಹಿಡಿಯುತ್ತವೆ. ಎರಡಡಿ ಉದ್ದ, ಅಗಲ, ಆಳದ ಗುಣಿ, ಮೇಲ್ಮಣ್ಣಿಗೆ 10–15 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ. ಉತ್ತರದಿಂದ ಡಿಸೆಂಬರ್–ಜನವರಿಯಲ್ಲಿ ಬರುವ ಮಣ್ಣಿಲ್ಲದ ಬೇರಿನ ಸಸಿಯನ್ನು ನೆಡುವ ಮೊದಲು ಕೆಲವು ಗಂಟೆ ನೀರಿನಲ್ಲಿಟ್ಟು, ಮುರಿದ ಬೇರು ಕತ್ತರಿಸಿ ನೆಡಿ. ಕಸಿಯ ಗಂಟು ನೆಲದಿಂದ ಒಂದು ಗೇಣು ಮೇಲಿರಬೇಕು. ಅದು ಮಣ್ಣಲ್ಲಿ ಹೂತರೆ ಮೇಲಿನ ತಳಿಯೇ ಬೇರು ಬಿಟ್ಟು ಬೇರುಗಿಡಕ್ಕೆ ಕೊಟ್ಟ ದುಡ್ಡು ದಂಡ. ಮೊದಲ ಎರಡು ವರ್ಷ ಬಂದ ಹೂವನ್ನೆಲ್ಲ ಚಿವುಟಿಹಾಕಿ. ಮೂರ್ನಾಲ್ಕು ಮುಖ್ಯ ಕೊಂಬೆಗಳನ್ನು ಓರೆಗೆ ಬಗ್ಗಿಸಿ ಕಟ್ಟಿ, ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಯ ಕಣ್ಣೇ ಎಲ್ಲವನ್ನೂ ಹಿಡಿದಿಡುತ್ತದೆ.

ಎಲೆ ತೆಗೆಯುವ ಕಾಲಕ್ಕೆ ಬಂದರೆ, ಹಣ್ಣು ಮೇ–ಜೂನ್‌ನಲ್ಲಿ, ಮುಂಗಾರು ಜೋರಾಗುವ ಮೊದಲು ಕೈಸೇರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಹೂವು ಜನವರಿಯಲ್ಲಿ, ಎಲೆ ತೆಗೆಯುವುದು ಡಿಸೆಂಬರ್ ಎರಡನೇ ಅರ್ಧದಲ್ಲಿ. ಮೂರು ವಾರ ಮೊದಲೇ ನೀರು ಕಡಿಮೆ ಮಾಡಿ. ಎಲೆಯನ್ನು ತುದಿಯಿಂದ ಬುಡಕ್ಕೆ ಕೈಯಾಡಿಸಿ ಸರ್ರನೆ ಎಳೆಯಬಾರದು, ತೊಟ್ಟಿನ ಬುಡದ ಕಣ್ಣು ಎಲೆಯ ಜೊತೆಗೇ ಕಿತ್ತುಬರುತ್ತದೆ. ಎಲೆಯ ಹಾಳೆಯನ್ನು ಮಾತ್ರ ಹಿಡಿದು ಮುರಿಯಿರಿ. ತೊಟ್ಟು ಅಲ್ಲೇ ಉಳಿದು, ಕೆಲವು ದಿನಕ್ಕೆ ಹಳದಿಯಾಗಿ ತಾನಾಗಿ ಉದುರುತ್ತದೆ. ಒಂದು ಎಲೆಯನ್ನೂ ಬಿಡಬೇಡಿ, ಉಳಿದ ಎಲೆ ಆ ಭಾಗದ ಕಣ್ಣನ್ನು ಸುಮ್ಮನಿರಿಸುತ್ತದೆ. ಆಮೇಲೆ ಉದ್ದ ಕೊಂಬೆಗಳ ತುದಿಯನ್ನು ಕಾಲುಭಾಗ ಸವರಿ, ನೀರು ಪೂರ್ತಿ ಕೊಡಿ. ಎರಡು–ಮೂರು ವಾರಕ್ಕೆ ಮೊಗ್ಗು ಒಡೆಯಬೇಕು. ಬೇಗ ಕಿತ್ತರೆ ಮೊಗ್ಗು ಬಲಿತಿರುವುದಿಲ್ಲ, ಬರೀ ಎಲೆಚಿಗುರು ಬರುತ್ತದೆ. ಎಲೆ ತಾನಾಗಿ ಅರ್ಧ ಉದುರಿದ ಮೇಲೆ ಕಿತ್ತರೆ ಗಿಡ ಆಗಲೇ ಮಲಗಿದೆ, ತುದಿಯ ಕಣ್ಣು ಮಾತ್ರ ಏಳುತ್ತದೆ.

ಹಾಗೆ ಮಲಗಿದ ಗಿಡವನ್ನು ಎಬ್ಬಿಸಲು ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕ ಇದೆ, ವಿಜಯಪುರದ ದ್ರಾಕ್ಷಿಯವರು ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದಮೇಲೆ ಬಳ್ಳಿಯ ಕಣ್ಣಿಗೆ ಹಚ್ಚುವುದು ಅದನ್ನೇ. ಸೇಬಿನಲ್ಲಿ ಇದನ್ನು ಮೊಗ್ಗು ಒಡೆಯಬೇಕಾದ ದಿನಕ್ಕೆ 30–45 ದಿನ ಮೊದಲು ಹೊಡೆಯಬೇಕು, ಉಬ್ಬಿದ ಮೊಗ್ಗಿಗೆ ಬಿದ್ದರೆ ಅದೇ ಸುಟ್ಟುಹೋಗುತ್ತದೆ. ಪ್ರಮಾಣ ಡಬ್ಬಿಯ ಚೀಟಿಯಲ್ಲಿರುವಷ್ಟೇ. ಹೊಡೆಯುವವರ ಚರ್ಮಕ್ಕೂ ಕಣ್ಣಿಗೂ ತುಂಬ ಕೆಟ್ಟದ್ದು, ಹೊಡೆಯುವ ಹಿಂದುಮುಂದಿನ ದಿನಗಳಲ್ಲಿ ಮದ್ಯ ಮುಟ್ಟಿದರೆ ಮೈಯೆಲ್ಲ ಕೆಂಪಾಗಿ, ಎದೆ ಹೊಡೆದುಕೊಂಡು ಆಸ್ಪತ್ರೆ ಸೇರಬೇಕಾಗುತ್ತದೆ. ಯೂರೋಪಿಯನ್ ಒಕ್ಕೂಟ 2008ರಲ್ಲೇ ಇದಕ್ಕೆ ಅನುಮತಿ ನಿರಾಕರಿಸಿದೆ. ಎರಡು ಎಕರೆ ಸೇಬಿಗೆ ಆಳುಗಳಿಂದ ಎಲೆ ಕೀಳಿಸುವುದೇ ವಾಸಿ.

ಮರಸೇಬಿನ ಬಗ್ಗೆ ನನಗೆ ಇಷ್ಟು ಉತ್ಸಾಹವಿಲ್ಲ. ಬಾರ್ಟ್ಲೆಟ್‌ನಂಥ ಮೆತ್ತನೆಯ ಯೂರೋಪಿಯನ್ ತಳಿಗಳು ಡೆಲಿಷಸ್‌ಗೆ ಹತ್ತಿರ ಬರುವಷ್ಟು ಚಳಿ ಕೇಳುತ್ತವೆ. ಅವುಗಳಿಗೆ ಇನ್ನೊಂದು ಕಿರಿಕಿರಿ ಇದೆ, ಮರದಲ್ಲೇ ಮಾಗಲು ಬಿಟ್ಟರೆ ತಿರುಳು ಮರಳುಮರಳಾಗಿ ನಡು ಕಂದಾಗುತ್ತದೆ. ಗಟ್ಟಿ ಇರುವಾಗಲೇ ಕಿತ್ತು, ಸೊನ್ನೆ ಡಿಗ್ರಿ ಆಸುಪಾಸಿನಲ್ಲಿಟ್ಟು, ಆಮೇಲೆ ಹೊರತೆಗೆದು ಮಾಗಿಸಬೇಕು. ಅಂಜೂ ತಳಿಗಾದರೆ ಆ ಶೈತ್ಯವಾಸ ಎರಡು ತಿಂಗಳು. ಏಷ್ಯಾದ ಗಟ್ಟಿ ಮರಸೇಬಿನ ದಾರಿ ಬೇರೆ. ಪಂಜಾಬಿನ ಬಯಲಿನಲ್ಲಿ, ಅಮೃತಸರದ ಸುತ್ತ, ಪತ್ಥರ್‌ನಾಖ್ ಸುಮಾರು 150 ಗಂಟೆ ಚಳಿಯಲ್ಲೇ ಕಾಯಿ ಹೊರುತ್ತದೆ. ಏಷ್ಯಾ–ಯೂರೋಪಿನ ಮಿಶ್ರ ತಳಿಗಳಾದ ಕೀಫರ್, ಲೆಕಾಂಟ್ ಕೂಡ ಅದೇ ಸ್ವಭಾವದವು. ದಕ್ಷಿಣದಲ್ಲಿ ಮರಸೇಬು ನಿಜವಾಗಿ ನೆಲೆ ನಿಂತಿರುವುದು ನೀಲಗಿರಿಯ ಕೋಟಗಿರಿ, ಕೂನೂರು ಮತ್ತು ಕೊಡೈಕನಾಲ್‌ನಲ್ಲಿ, 1,800 ಮೀಟರ್ ಆಸುಪಾಸಿನ ಮತ್ತು ಅದಕ್ಕೂ ಮೇಲಿನ ಎತ್ತರದಲ್ಲಿ. ಕರ್ನಾಟಕದಲ್ಲಿ ಆ ಎತ್ತರದ ನೆಲ ಬಾಬಾಬುಡನ್‌ಗಿರಿ ಸಾಲು, ಕುದುರೆಮುಖದಂಥ ಬೆಟ್ಟಗಳ ತುದಿಗಳಲ್ಲಿ ಮಾತ್ರ ಇದೆ, ಅದು ಶೋಲಾ ಕಾಡು ಮತ್ತು ಹುಲ್ಲುಗಾವಲು. ಅಲ್ಲಿ ತೋಟ ಬೇಡ.

ಕೊನೆಗೆ ಕೊಯ್ಲು. ಕೆಂಪು ಬಣ್ಣ ಏರಲು ರಾತ್ರಿ ತಂಪಿರಬೇಕು, ಮೇ ತಿಂಗಳ ಬಯಲುಸೀಮೆಯಲ್ಲಿ ಅದು ಸಿಗುವುದಿಲ್ಲ. ಬಣ್ಣ ಬರಲಿ ಎಂದು ಕಾದರೆ ಹಣ್ಣು ಮರದಲ್ಲೇ ಹಿಟ್ಟುಹಿಟ್ಟಾಗುತ್ತದೆ. ಬುಡದ ಹಸಿರು ತಿಳಿ ಹಳದಿಗೆ ತಿರುಗಿದ್ದನ್ನು, ಕೊಯ್ದಾಗ ಬೀಜ ಕಂದಾಗಿರುವುದನ್ನು ನೋಡಿ ಕೀಳಿ. ಬೆಳಗ್ಗೆ ಎಂಟರೊಳಗೆ ಕಿತ್ತು ನೆರಳಿಗೆ ಸೇರಿಸಿ. ಅನ್ನಾ ಹೊರಗಿಟ್ಟರೆ ಬೇಗ ಮೆತ್ತಗಾಗುತ್ತದೆ, ಕಾಶ್ಮೀರದ ಹಣ್ಣಿನಂತೆ ತಿಂಗಳುಗಟ್ಟಲೆ ಶೀತಲಗೃಹದಲ್ಲಿ ಕೂರುವ ಜಾತಿ ಅದಲ್ಲ. ಆದರೆ ಆ ಹೊತ್ತಿಗೆ ಮಾರುಕಟ್ಟೆಯಲ್ಲಿರುವುದು ಕಳೆದ ವರ್ಷದ ಶೀತಲಗೃಹದ ಸರಕು ಮತ್ತು ಆಮದು ಹಣ್ಣು ಮಾತ್ರ, ಹಿಮಾಚಲದ ಹೊಸ ಬೆಳೆ ಜುಲೈ ಹೊತ್ತಿಗೆ ಬರತೊಡಗುತ್ತದೆ. ನಿಮ್ಮ ಕೈಗಿರುವುದು ಅಷ್ಟರೊಳಗಿನ ಕಿರಿದಾದ ಕಿಂಡಿ. ಮಂಡಿಗೆ ಕಳಿಸುವುದಕ್ಕಿಂತ ಹತ್ತಿರದ ಪೇಟೆಯಲ್ಲಿ, ತೋಟದ ಬಾಗಿಲಲ್ಲಿ, ಆ ವಾರವೇ ಮಾರುವಷ್ಟು ಗಿಡ ಮಾತ್ರ ನೆಡಿ.